ನಾಲ್ಕನೆಯ ಸಾಲಿನ ಷಡ್ಜ

ನಮ್ಮ ಕಡೆಯವರು ಮಾತಿನಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಸೊಸೈಟಿಯ ಸಭೆಯಲ್ಲಿ ಹತ್ತು ಜನ ಕೂತರೆ ಹನ್ನೊಂದು ಅಭಿಪ್ರಾಯ. ಹನ್ನೊಂದನೆಯದು ಸಾಮಾನ್ಯವಾಗಿ ನನ್ನದೇ, ಎರಡನೇ ಸಲ ಎದ್ದು ನಿಂತಾಗಿನದು. ಆದರೆ ಭಜನೆಗೆ ಕೂತರೆ ಅದೇ ಹತ್ತು ಜನಕ್ಕೆ ಒಂದೇ ದನಿ. ಇಂಥವರಲ್ಲೊಬ್ಬನನ್ನು ಕರೆದು, ಪಕ್ಕದವರು ಹಾಡುವುದನ್ನು ಬಿಟ್ಟು ಬೇರೆಯದನ್ನೇ ಹಾಡು ಎಂದರೆ ಗತಿಯೇನು?

ಶಿರಸಿಯ ಸಿಸಿಲಿಯಾ ಟೀಚರ್ ನಿವೃತ್ತರಾದ ಮೇಲೆ ಯುರೋಪಿನ ಹಳೆಯ ಶಾಸ್ತ್ರೀಯ ಸಮೂಹಗಾನ ಹಾಡುವ ತಂಡ ಕಟ್ಟಿದರು. ಹೆಂಗಸರು ಬೇಕಾದಷ್ಟು ಸಿಕ್ಕರು. ತಗ್ಗು ದನಿಯ ಗಂಡಸರಿಗೇ ಬರ. ಕೊನೆಗೆ ಭಜನಾ ಮಂಡಳಿಗಳಿಗೆ ಕೈಹಾಕಿದರು. ಸಿದ್ದಾಪುರದಿಂದ ಇಬ್ಬರು, ಯಲ್ಲಾಪುರ ಕಡೆಯ ಇಡಗುಂದಿಯಿಂದ ಗಣಪತಿ, ಜೊತೆಗೆ ನಾನು, ತಂಡದ ನಾಲ್ಕನೆಯ, ಎಲ್ಲಕ್ಕಿಂತ ತಗ್ಗಿನ ಸಾಲಿಗೆ ಭರ್ತಿಯಾದೆವು. ನಾಲ್ಕು ಸಾಲು, ನಾಲ್ಕು ಬೇರೆ ಬೇರೆ ಧಾಟಿ, ಎಲ್ಲ ಒಟ್ಟಿಗೇ. ಸಿದ್ದಾಪುರದ ಮೊದಲ ಕಾರ್ಯಕ್ರಮ ಮುಗಿದಾಗ ನನ್ನ ಭಾವ ಸಮಾಧಾನ ಹೇಳಿದ: "ಬೇಜಾರು ಮಾಡ್ಕ್ಯಳಡ. ಇನ್ನೊಂದ್ ಚೂರು ಪ್ರಾಕ್ಟೀಸ್ ಮಾಡಿದ್ರೆ ಎಲ್ಲರೂ ಒಂದೇ ನಮೂನಿ ಹಾಡಲಾಗ್ತು."

ನನ್ನ ಪಾಲಿಗೆ ಬಂದದ್ದು ಒಟ್ಟು ಮೂರು ಸ್ವರ. ಮನೆಯಲ್ಲಿ ಅಭ್ಯಾಸ ಮಾಡಿದರೆ ಹೆಂಡತಿ ಅಡುಗೆಮನೆಯಿಂದ ಬಂದು, "ಎಂತಾ ಆತು? ಹೊಟ್ಟೆನೋವಾ?" ಎನ್ನುತ್ತಿದ್ದಳು. ತಂಡದಲ್ಲಿ ನಿಂತರೆ ಹಾಡಿನ ಎರಡನೇ ಚರಣ ಮುಗಿಯುವುದರೊಳಗೆ ನನ್ನ ದನಿ ಹೆಂಗಸರ ಧಾಟಿಗೆ ಜಾರುತ್ತಿತ್ತು. "ಹೆಗಡೆಯವ್ರೇ, ಮತ್ತೆ ಆಚೆ ಸಾಲಿಗೆ ಹೋದ್ರಲ್ಲ ಮಾರಾಯ್ರೆ" ಎಂದು ಟೀಚರ್ ತಾಳ ತೋರಿಸುವ ಕೋಲು ಕೆಳಗಿಡುತ್ತಿದ್ದರು. ಶಿರಸಿಯ ಕಾರ್ಯಕ್ರಮದ ಮುನ್ನ ಮೆಲ್ಲಗೆ ಹೇಳಿಯೇಬಿಟ್ಟರು: "ಈ ಸಲವೂ ಜಾರಿದ್ರೆ, ಮುಂದಿನ ಸಲ ನೀವು ಕುರ್ಚಿಲಿ ಕೂತು ಕೇಳಿ." ನನಗೆ ನಿಜಕ್ಕೂ ಅಳು ಬಂತು. ಊರಿನಲ್ಲಿ ನನಗಿದ್ದ ಹೆಸರು ಅದೊಂದೇ, ಒಳ್ಳೆಯ ಕಂಠ ಎಂಬುದು.

ಅಂದಿನ ಕೊನೆಯ ಲ್ಯಾಟಿನ್ ಕೃತಿಯ ಕೊನೆಯಲ್ಲಿ ಉಳಿದ ಮೂರು ಸಾಲು ಮೇಲೇರುತ್ತವೆ, ನಾವು ಮಾತ್ರ ಮಂದ್ರ ಷಡ್ಜ ಹಿಡಿದು ನಿಲ್ಲಬೇಕು. ಷಡ್ಜ ಹಿಡಿಯಬೇಕೆಂದರೆ ನಮ್ಮವರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ: ತಂಬೂರಿ ನೆನೆದು ಕಣ್ಣು ಮುಚ್ಚಿದೆ. ಹೆಂಗಸರ ಧಾಟಿ ಕಿವಿಯ ಹತ್ತಿರವೇ ಬಂದು ಕರೆಯಿತು. ನಾನು ಹೋಗಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಸ್ವರದಲ್ಲಿ ನಾನೇ ನಿಂತಿದ್ದೆ, ಆ ಖುಷಿಗೆ ಇನ್ನಷ್ಟು ಗಟ್ಟಿಯಾಗಿ ಹಿಡಿದೆ. ಕೊನೆಗೆ ನನ್ನ ದನಿ ಬಿಟ್ಟು ಬೇರೇನೂ ಕೇಳಿಸದಾಯಿತು. ಇದೇ ಏಕಾಗ್ರತೆ ಅಂದುಕೊಂಡೆ.

ಕಣ್ಣು ತೆರೆದರೆ ಟೀಚರ್ ಕೈ ಇಳಿಸಿ ಎಷ್ಟೋ ಹೊತ್ತಾಗಿತ್ತು. ಎಲ್ಲರ ಬಾಯೂ ಮುಚ್ಚಿತ್ತು. ಗಣಪತಿ ನನ್ನನ್ನೇ ನೋಡುತ್ತಿದ್ದ. ಗಕ್ಕನೆ ನಿಲ್ಲಿಸಿದೆ. ನಿಲ್ಲಿಸಿದ್ದೇ ತಡ, ಎಂಥ ಚಪ್ಪಾಳೆ! ಜೀವಮಾನವಿಡೀ ಹಿಂದೂಸ್ತಾನಿ ಕೇಳಿದ ಮುಂದಿನ ಸಾಲಿನ ಅಜ್ಜರೊಬ್ಬರು ವೇದಿಕೆಗೇ ಬಂದರು. "ತಮಾ, ಬಾಕಿದ್ದು ಎಂಗೆ ತಿಳದ್ದಿಲ್ಲೆ. ಕಡಿಗೆ ಒಂದು ಷಡ್ಜ ನಿಂತಿತ್ತಲ, ಅದ್ರಿಂದ ಹಾಡಿಗೇ ಕಳೆ ಬಂತು." ಟೀಚರ್ ನನ್ನ ಕೈ ಕುಲುಕಿದರು. ಕುರ್ಚಿಯ ಮಾತು ಮತ್ತೆ ಬರಲಿಲ್ಲ.

ಮುಂದಿನ ಯಲ್ಲಾಪುರದ ಕಾರ್ಯಕ್ರಮದಿಂದ ಟೀಚರ್ ಆ ಒಂಟಿ ಷಡ್ಜವನ್ನು ಕೃತಿಯಲ್ಲೇ ಸೇರಿಸಿಬಿಟ್ಟಿದ್ದಾರೆ. ಶತಮಾನಗಳಿಂದ ಯಾರೂ ಮುಟ್ಟದ ಹಾಡಿಗೆ ತಿದ್ದುಪಡಿ ಮಾಡಿದ ಕೀರ್ತಿ ನನ್ನದು. ನಮ್ಮ ಮೂರೂ ತಾಲೂಕಿನಲ್ಲಿ ಅದನ್ನು ಅಲ್ಲಗಳೆಯುವವರಿಲ್ಲ. ಆ ಷಡ್ಜ ಹಾಡುವವನು ಮಾತ್ರ ಗಣಪತಿ. ಅವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದೆಯಂತೆ. ಆ ಹೊತ್ತಿಗೆ ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಕಣ್ಣು ತೆರೆದು, ಬಾಯಿ ಮುಚ್ಚಿ.