ಹೊಟ್ಟೆ ಕಾಣದ ಹಕ್ಕಿಗಳು

ನಮ್ಮ ದೊಡ್ಡಪ್ಪನ ಕೈಗೆ ಪುಸ್ತಕ ಕೊಡುವುದೂ ಒಂದೇ, ಹಸುವಿನ ಬಾಯಿಗೆ ಕೊಡುವುದೂ ಒಂದೇ. ಹಾಗೆ ನೋಡಿದರೆ ಹಸುವೇ ವಾಸಿ, ತಿಂದ ಮೇಲೆ ತಪ್ಪು ಎತ್ತಿ ತೋರಿಸುವುದಿಲ್ಲ!

ದೊಡ್ಡಪ್ಪ ಪೀಣ್ಯದ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ತಯಾರಾದ ಬಿಡಿಭಾಗವನ್ನು ಡ್ರಾಯಿಂಗ್ ಜೊತೆ ತಾಳೆ ನೋಡಿ 'ರಿಜೆಕ್ಟ್' ಎನ್ನುವುದೇ ಕೆಲಸ. ನಿವೃತ್ತರಾಗಿ ಬಾಗಲಗುಂಟೆಯ ಮನೆಯಲ್ಲಿ ಕೂತ ಮೇಲೆ ದೊಡ್ಡಮ್ಮನ ಉಪ್ಪಿಟ್ಟನ್ನೂ ರಿಜೆಕ್ಟ್ ಮಾಡುತ್ತಿದ್ದರು. ದೊಡ್ಡಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಉಪ್ಪಿಟ್ಟು ದೊಡ್ಡಪ್ಪನ ಪಾಲಿಗೆ ಬಂತು, ದಿನವೂ ಪಾಸಾಗತೊಡಗಿತು. ಹಕ್ಕಿ ಪುಸ್ತಕಗಳ ಹುಚ್ಚು ಹಿಡಿದದ್ದೂ ಆಗಲೇ.

ಪುಸ್ತಕದಂಗಡಿಗೆ ಕರೆದೊಯ್ದೆ. ಒಂದೊಂದನ್ನೇ ತಿರುವಿ ಹಾಕಿ, "ಇದ್ರಲ್ಲಿ ಬಾಟಮ್ ವ್ಯೂ ಇಲ್ವಲ್ಲ?" ಎಂದರು.

"ಏನ್ ವ್ಯೂ ಸಾರ್?" ಅಂಗಡಿಯವನು ಬೆಚ್ಚಿಬಿದ್ದ.

"ಕೆಳಗಿಂದ ನೋಡಿದ್ರೆ ಹಕ್ಕಿ ಹೆಂಗಿರತ್ತೆ ಅಂತ. ಒಂದು ನಟ್ಟಿಗೇ ನಾವು ಮೂರು ಕಡೆಯಿಂದ ಡ್ರಾಯಿಂಗ್ ಹಾಕ್ತಿದ್ವಿ. ಇಲ್ಲಿ ಇಡೀ ಹಕ್ಕಿಗೆ ಒಂದೇ ಕಡೆ ಹಾಕಿದಾರೆ."

ನಾನು ಅಡುಗೆ ಪುಸ್ತಕಗಳ ಕಡೆ ಸರಿದು, ಇವರು ಯಾರೋ ಏನೋ ಎಂಬಂತೆ ನಿಂತುಬಿಟ್ಟೆ.

ಕೊನೆಗೆ ಅಲ್ಲಿದ್ದುದರಲ್ಲೇ ದುಬಾರಿಯದನ್ನು ನಾನೇ ಕೊಂಡು ಉಡುಗೊರೆ ಕೊಟ್ಟೆ. ವಾರ ಕಳೆದು ಫೋನಿನಲ್ಲಿ ವರದಿ ಬಂತು. "ಬಣ್ಣ ಪಾಸು. ಕನ್ನಡದ ಹೆಸರು ಕೊಟ್ಟಿದಾರೆ, ಅದೂ ಪಾಸು. ಆದ್ರೆ ಗಂಡು ಹಕ್ಕಿಗೆ ಮದುವೆಮನೆ ಡ್ರೆಸ್ ಹಾಕ್ಸಿ ಪೇಜ್ ತುಂಬಾ ಕೂರ್ಸಿದಾರೆ, ಹೆಣ್ಣನ್ನ ಮೂಲೆಗೆ ತಳ್ಳಿದಾರೆ. ಕೂಗಂತೂ ಎಲ್ಲದಕ್ಕೂ ಟ್ವೀ ಟ್ವೀ. ಹೊಟ್ಟೆ ಒಂದಕ್ಕೂ ಇಲ್ಲ ಕಣೇ. ಟೋಟಲ್ ರಿಜೆಕ್ಟ್."

ಮುಂದಿನ ಫೋನು ಅವರ ಪಕ್ಕದ ಮನೆಯವರದು. "ಮೇಡಂ, ನಿಮ್ ದೊಡ್ಡಪ್ಪ ರೋಡಲ್ಲಿ ಅಂಗಾತ ಮಲ್ಗಿದಾರೆ. ನೀರು ಕೊಡಕ್ಕೋದ್ರೆ, ಸೈಡಿಗೋಗಿ, ಹಕ್ಕಿ ಹಾರೋಗತ್ತೆ ಅಂತಾರೆ."

ಸಿಂಗಸಂದ್ರದ ನನ್ನ ಮನೆಯಿಂದ ಇಡೀ ಬೆಂಗಳೂರು ದಾಟಿ ಓಡಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಹಾಲ್‌ಗೆ ಕಾಲಿಟ್ಟರೆ ನೆಲದ ಮೇಲೆ ಕತ್ತರಿ, ಗೋಂದು, ಮತ್ತು ನನ್ನ ಉಡುಗೊರೆಯ ಬರೀ ರಟ್ಟು! ಒಳಗಿನ ಹಾಳೆ ಒಂದೂ ಇಲ್ಲ. ದೊಡ್ಡಪ್ಪನ ತಲೆ ನಿಜಕ್ಕೂ ಕೆಟ್ಟಿತೇ? ಜಗಳಕ್ಕೆ ಸಿದ್ಧಳಾಗಿಯೇ ಕೋಣೆಗೆ ನುಗ್ಗಿದೆ.

"ಮೆಲ್ಲಗೆ ಬಾರೇ," ಎಂದರು ದೊಡ್ಡಮ್ಮ ಮಲಗಿದಲ್ಲಿಂದಲೇ. "ಇಲ್ಲಿ ಬಗ್ಗಿ, ನನ್ ದಿಂಬಿನ ಹತ್ರದಿಂದ ನೋಡು."

ಬಗ್ಗಿ ನೋಡಿದೆ. ಕಿಟಕಿಯಾಚೆ ಎತ್ತರದಲ್ಲಿ ಕೇಬಲ್ ವೈರು. ಅದರ ಮೇಲೆ ಕೂತ ಹಕ್ಕಿಯ ಹೊಟ್ಟೆ, ಬಾಲದ ಬುಡದ ಕೆಂಪು, ಅಷ್ಟೇ ಕಾಣುತ್ತಿತ್ತು.

"ಅದ್ಯಾವ ಹಕ್ಕಿ ರೀ ಅಂತ ದಿನಾ ಕೇಳ್ತಿದ್ದೆ. ಪಾಪ, ಯಾವ ಪುಸ್ತಕ ನೋಡಿದ್ರೂ ಇವ್ರಿಗೆ ಹೇಳಕ್ಕೇ ಆಗ್ತಿರ್ಲಿಲ್ಲ. ರೋಡಲ್ಲಿ ಮಲ್ಗಿ ಕೆಳಗಿಂದ ನೋಡಿದ್ಮೇಲೆ ಈಗ ಗೊತ್ತಾಯ್ತು, ಪಿಕಳಾರ."

ತಲೆ ಎತ್ತಿದೆ. ನನ್ನ ಪುಸ್ತಕದ ಹಕ್ಕಿಗಳೆಲ್ಲ ಮಂಚದ ಮೇಲಿನ ಸೀಲಿಂಗ್‌ನಲ್ಲಿ ಅಂಟಿಕೊಂಡಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಅದರ ಹೊಟ್ಟೆಯ ಪೆನ್ಸಿಲ್ ಚಿತ್ರ. ಬೈಯಲು ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತು, ಒಂದೊಂದೇ ಹೊಟ್ಟೆ ನೋಡುತ್ತಾ ನಿಂತೆ.

ದೊಡ್ಡಪ್ಪ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಜೀವಮಾನವೆಲ್ಲ ಬೇರೆಯವರ ಕೆಲಸವನ್ನು ತಿರಸ್ಕರಿಸಿದ ಮನುಷ್ಯ ಹೆಂಡತಿಯನ್ನು ಅಳುಕುತ್ತಲೇ ಕೇಳಿದರು, "ಪಾಸಾ?"

ದೊಡ್ಡಮ್ಮ ಮೇಲೆ ನೋಡಿದರು. "ಸೂರಕ್ಕಿ ಬಾಲ ಸ್ವಲ್ಪ ಉದ್ದ ಆಯ್ತು ರೀ."

ದೊಡ್ಡಪ್ಪ ರಬ್ಬರ್ ಹಿಡಿದು ಸ್ಟೂಲು ಹತ್ತಿದರು. ಅದು ಅಲುಗಾಡುತ್ತಿತ್ತು. ನಾನು ಗಟ್ಟಿಯಾಗಿ ಹಿಡಿದುಕೊಂಡೆ.