ಅಡುಗೆಮನೆಯ ಕಂತು

ಐದನೇ ತಾರೀಕಿಗೆ ಮೂವತ್ತು ಸಾವಿರ ಬರಬೇಕಾದಲ್ಲಿ ಜಯಣ್ಣನ ಮೊಬೈಲಿಗೆ ಒಂಬತ್ತು ಸಾವಿರ ಬಂತು. ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಇನ್ನೊಂದು ಒಂಬತ್ತು ಸಾವಿರ. ಮೊದಲನೆಯದರ ಕೆಳಗೆ 'ಶೈಲೇಶ್, ನನ್ನ ಬೆಡ್‌ರೂಮಿನ ಬಾಬ್ತು' ಎಂದಿತ್ತು. ಎರಡನೆಯದರ ಕೆಳಗೆ 'ಪ್ರಾಪ್ತಿ, ನನ್ನ ಬೆಡ್‌ರೂಮಿನ ಬಾಬ್ತು.'

ಕುಲಶೇಖರದ ಫ್ಲ್ಯಾಟನ್ನು ಜಯಣ್ಣ ಎರಡು ವರ್ಷದ ಹಿಂದೆ ಈ ಗಂಡಹೆಂಡಿರಿಗೆ ಮಾರಿದ್ದ. ಬ್ಯಾಂಕಿಗೆ ಹೋಗುವ ಬಡ್ಡಿ ತನಗೇ ಬರಲಿ ಎಂದು ತಾನೇ ಸಾಲ ಕೊಟ್ಟು, ತಿಂಗಳ ಕಂತು ಗೊತ್ತುಮಾಡಿಕೊಂಡಿದ್ದ. ಆ ಕಂತನ್ನೇ ನೆಚ್ಚಿಕೊಂಡು ಕೂಳೂರಿನಲ್ಲಿ ತಾನೊಂದು ಮನೆ ಕೊಂಡ; ಅದು ಮಾತ್ರ ಬ್ಯಾಂಕಿನ ಸಾಲದಲ್ಲಿ! ಇವರ ಡೈವೋರ್ಸಿನ ಗಲಾಟೆಯಲ್ಲಿ ಹಿಂದಿನ ಎರಡು ಕಂತು ತಪ್ಪಿ, ಅವನ ಬ್ಯಾಂಕಿನ ಕಂತೂ ನಿಂತಿತ್ತು. ಇವತ್ತು ಸಂಜೆಯೊಳಗೆ ಮೂವತ್ತು ಸಾವಿರವಾದರೂ ಕಟ್ಟದಿದ್ದರೆ ಮನೆಗೆ ನೋಟಿಸ್ ಅಂಟಿಸುತ್ತೇವೆ ಎಂದು ಬ್ಯಾಂಕಿನವರು ಹೇಳಿಯಾಗಿತ್ತು.

ನಂತೂರು ಸರ್ಕಲಿನ ಲಾರಿಗಳ ನಡುವೆ ಸ್ಕೂಟರಿನಲ್ಲಿ ಬೆಂದು ಜಯಣ್ಣ ಕುಲಶೇಖರ ಮುಟ್ಟಿದ. ಮನೆ ಬಿಟ್ಟವರಿಗೆ ಹಕ್ಕು ಹೋದೀತೆಂದು ಇಬ್ಬರೂ ಅಲ್ಲೇ ಬೀಡುಬಿಟ್ಟಿದ್ದರು. ಎದುರು ಫ್ಲ್ಯಾಟಿನ ಅಹ್ಮದ್ ಬಾವ, ಯಾರೂ ಕರೆಯದಿದ್ದರೂ, ಆಗಲೇ ಸೋಫಾದಲ್ಲಿ ಕೂತಿದ್ದರು.

"ಎಂತ ಮಾರಾಯ ಇದು? ಉಳಿದ ಹನ್ನೆರಡು ಸಾವಿರ ಎಲ್ಲುಂಟು?" ಜಯಣ್ಣ ಕೇಳಿದ.

"ಡೈವೋರ್ಸ್ ಆದ ಮೇಲೆ ಅವರವರ ರೂಮಿಗೆ ಅವರವರು, ಅಂಕಲ್," ತನ್ನ ಕೋಣೆಯ ಬಾಗಿಲಲ್ಲಿ ನಿಂತು ಶೈಲೇಶ್ ಹೇಳಿದ. "ಹಾಲ್, ಕಿಚನ್ ನಾನು ಯೂಸೇ ಮಾಡುವುದಿಲ್ಲ. ನನ್ನ ಊಟ ಹೋಟೆಲಿನಲ್ಲಿ."

"ನಾನು ಮಾಡ್ತೇನಾ?" ಎದುರು ಬಾಗಿಲಿಂದ ಪ್ರಾಪ್ತಿ. "ನನ್ನ ಗಂಜಿ ನನ್ನ ರೂಮಿನಲ್ಲೇ ಬೇಯ್ತದೆ. ಕರೆಂಟಿನ ಒಲೆ ಉಂಟು."

"ರೂಮಿಗೆ ಹೋಗ್ಲಿಕ್ಕೆ ಹಾಲ್ ದಾಟುವುದಿಲ್ವಾ?"

"ದಾಟಿದ್ರೆ ಎಂತಾಯ್ತು, ಜಯಣ್ಣ?" ಬಾವ ತೀರ್ಪು ಕೊಟ್ಟರು. "ನಂತೂರು ಸರ್ಕಲ್ ದಿನಾ ದಾಟುವವ ಅದನ್ನು ಖರೀದಿ ಮಾಡ್ಲಿಕ್ಕುಂಟಾ?"

ಜಯಣ್ಣನ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ಹಾಲೂ ಕಿಚನ್ನೂ ನನ್ನದೇ! ಈಗಲೇ ಬರೆದು ಕೊಡಿ."

ಹೆದರಿಯಾರೆಂದು ಅವನ ಲೆಕ್ಕ. ಆದರೆ ಪ್ರಾಪ್ತಿ ಕಾಗದ ತಂದಳು, ಶೈಲೇಶ್ ಪೆನ್ನು ತಂದ. ಬಾವ ಉತ್ಸಾಹದಿಂದ ಒಕ್ಕಣೆ ಹೇಳಿಕೊಟ್ಟು, ಸಾಕ್ಷಿ ಹಾಕಿ, ತಮಗೂ ಒಂದು ಪ್ರತಿ ಇಟ್ಟುಕೊಂಡರು.

ಕಾಗದ ಕಿಸೆಗಿಳಿದದ್ದೇ ತಡ, ಜಯಣ್ಣನ ಎದೆ ಉಬ್ಬಿತು. "ಇನ್ನು ನನ್ನ ಹಾಲ್ ದಾಟುವುದಕ್ಕೆ ತಲೆಗೆ ಆರು ಸಾವಿರ! ಆಗದಿದ್ರೆ ಕಿಟಕಿಯಿಂದ ಇಳಿಯಿರಿ."

ಇಬ್ಬರೂ ತಟ್ಟನೆ ಮೊಬೈಲ್ ತೆಗೆದರು. ಟಿಣ್, ಟಿಣ್! ಮೂವತ್ತು ಸಾವಿರ ಪೂರ್ತಿಯಾಯಿತು. ಕೂಳೂರಿನ ಮನೆ ಉಳಿಯಿತು! ಜಯಣ್ಣನಿಗೆ ಬಾವರನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಇಷ್ಟು ಸುಲಭವಾಗಿ ಯಾಕೆ ಕೊಟ್ಟರು ಎಂದು ಕೇಳುವ ಬುದ್ಧಿ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಕೆಳಗಿನ ಫ್ಲ್ಯಾಟಿನ ರೊಸಾಲಿನ್ ಬಾಯಿ ಮೆಟ್ಟಿಲು ಹತ್ತಿ ಬಂದರು. ತಲೆಯ ಮೇಲೆ ಸಿಮೆಂಟಿನ ಪುಡಿ, ಕೈಯಲ್ಲಿ ಒಂದು ಚೀಟಿ.

"ಇವತ್ತು ನನ್ನ ಸೀಲಿಂಗ್ ಪೂರಾ ಬಿತ್ತು! ನಿಮ್ಮ ಕಿಚನಿನ ಪೈಪ್ ಒಡೆದು ಒಂದು ತಿಂಗಳಾಯ್ತು. ಕೇಳಿದ್ರೆ ಇವನು ಅವಳದ್ದು ಅಂತಾನೆ, ಅವಳು ಇವನದ್ದು ಅಂತಾಳೆ. ರಿಪೇರಿಗೆ ಐವತ್ತೈದು ಸಾವಿರ. ಹೇಳಿ, ಕಿಚನ್ ಯಾರದ್ದು?"

"ಜಯ ಅಂಕಲ್‌ದು!" ಗಂಡಹೆಂಡಿರಾಗಿದ್ದಾಗಲೂ ಅವರು ಹೀಗೆ ಒಂದೇ ಸ್ವರದಲ್ಲಿ ಮಾತಾಡಿದ್ದಿಲ್ಲ.

"ರೆಕಾರ್ಡ್ ಉಂಟು," ಬಾವ ತಮ್ಮ ಪ್ರತಿಯನ್ನು ಬಿಡಿಸಿದರು. "ಸಾಕ್ಷಿ ನಾನೇ."

ಜಯಣ್ಣ ಕಿಸೆಯ ಕಾಗದ ತೆಗೆದು ತಿರುಗಿಸಿ ತಿರುಗಿಸಿ ನೋಡಿದ. ಅಳು ಬರುವುದೊಂದು ಬಾಕಿ. ಆ ಮುಖ ನೋಡಿ ರೊಸಾಲಿನ್ ಬಾಯಿಯ ಮನಸ್ಸು ಕರಗಿತು.

"ಬೇಜಾರ್ ಮಾಡ್ಬೇಡಿ ಮಾರಾಯ್ರೆ. ಪೂರಾ ಈಗಲೇ ಬೇಡ," ಎಂದರು ಮೆಲ್ಲಗೆ. "ಮೇಸ್ತ್ರಿ ಕೆಳಗೆ ಕಾಯ್ತಾ ಇದ್ದಾನೆ. ಇವತ್ತಿಗೆ ಒಂದು ಮೂವತ್ತು ಸಾವಿರ ಕೊಡಿ. ಉಳಿದದ್ದಕ್ಕೆ ಕಂತು ಮಾಡುವ."