ತಲೆಗೊಂದು ಜೀಬ್ರಾ

ಬ್ಯಾಂಕಾಕಿನ ತೊನ್ಸೈ ರಾತ್ರಿ ಸಂತೆಯನ್ನು ವಿದೇಶಿ ಪ್ರವಾಸಿಗರ ಮೆಚ್ಚಿನ ತಾಣವನ್ನಾಗಿ ಮಾಡುವ ಸಲುವಾಗಿ ಅಲ್ಲಿದ್ದ ಊಟ, ವ್ಯಾಪಾರ ಮತ್ತು ಹಾಡು ಕುಣಿತವನ್ನು ಹಂತ ಹಂತವಾಗಿ ತೆರವುಗೊಳಿಸಲಾಗಿದೆ. ಕೆಲಸ ಅಚ್ಚುಕಟ್ಟಾಗಿ ನಡೆದಿದೆ. ಸಂತೆಯ ಮೂಲೆಯಲ್ಲಿ ಸೂಟು ಹೊಲಿದು ಬದುಕುವ ದರ್ಜಿಯಾದ ನಾನು ಇದನ್ನೆಲ್ಲ ಕಣ್ಣಾರೆ ಕಂಡವನು. ಯಾರನ್ನೂ ದೂರುವ ಉದ್ದೇಶ ನನಗಿಲ್ಲ.

ಹೋದ ವರ್ಷ ಸಂತೆಗೆ ಪ್ರವಾಸಿಗರು ಕಡಿಮೆಯಾದರು. ರಾತ್ರಿ ಸಂತೆಗಳ ಅಭಿವೃದ್ಧಿ ಕಚೇರಿಯ ಉಪನಿರ್ದೇಶಕರಾದ ಪ್ರಸೋಂಗ್ ಸಾಹೇಬರು ಮೊದಲು ದೊಡ್ಡ ದೊಡ್ಡ ಫಲಕ ಹಾಕಿಸಿದರು. ಜನ ಯಾಕೆ ಬರುತ್ತಿಲ್ಲ ಎಂದು ತಿಳಿಯಲು ಆಮೇಲೆ ಖುದ್ದಾಗಿ ಮೂರು ದೇಶ ಸುತ್ತಿ ಬಂದರು. ಆಯಾ ದೇಶದ ಜನ ಆಯಾ ದೇಶದಲ್ಲೇ ಇದ್ದಾರೆ ಎಂಬುದು ಇದರಿಂದ ಖಚಿತವಾಯಿತು. ನಾವೆಲ್ಲ ಮೊದಲು ಮಾಡುವ ಕೆಲಸವನ್ನು ಅವರು ಕೊನೆಗೆ ಮಾಡಿದರು. ಸಂತೆ ನಡುವಿನ ಆಲದ ಮರದ ಅಜ್ಜಿಗೆ ಹರಕೆ ಹೊತ್ತರು.

ಅಜ್ಜಿ ಎಂದರೆ ಆ ಮರದೊಳಗೆ ವಾಸವಾಗಿರುವ ಅಜ್ಜಿ. ಅವಳ ಸನ್ನಿಧಿಯಲ್ಲಿ ಯಾವ ಅಂಕಿ ಕಿವಿಗೆ ಬಿದ್ದರೂ ನಾವು ಅದೇ ಅಂಕಿಯ ಲಾಟರಿ ಟಿಕೆಟು ಕೊಳ್ಳುತ್ತೇವೆ. ಅವಳಿಗೆ ಜೀಬ್ರಾ ಗೊಂಬೆ ಎಂದರೆ ಇಷ್ಟ. ಯಾಕೆ ಇಷ್ಟ ಎಂದು ಕೇಳುವಷ್ಟು ಸಲಿಗೆ ನಮಗ್ಯಾರಿಗೂ ಇಲ್ಲ. ಮಗ ಪಾಸಾದರೆ ಒಂದು ಜೋಡಿ, ಕೇಸು ಗೆದ್ದರೆ ಎರಡು ಜೋಡಿ, ಹೀಗೆ ಅವರವರ ಯೋಗ್ಯತೆಗೆ ತಕ್ಕಂತೆ ಹೇಳಿಕೊಳ್ಳುತ್ತಾರೆ. ಸಾಹೇಬರು ಮಾತ್ರ, ಸಂತೆಗೆ ಬರುವ ಪ್ರತಿ ವಿದೇಶಿಯ ತಲೆಗೊಂದು ಜೀಬ್ರಾ ಎಂದುಬಿಟ್ಟರು. ಮರದ ಬುಡದ ಗುಡಿ ಗುಡಿಸುವ ಚುವಾಂಗ್ ತಾತ ಪೊರಕೆ ಕೆಳಗಿಟ್ಟು, ಅಜ್ಜಿ ಹತ್ತಿರ ಹೀಗೆಲ್ಲ ಬಾಯಿ ಬಿಡಬಾರದು, ಒಂದು ಮಿತಿ ಹೇಳಿಬಿಡಿ ಎಂದ. ಸಾಧನೆಗೆ ತಕ್ಕ ಪ್ರತಿಫಲ ಎಂಬುದೇ ಕಚೇರಿಯ ಈಗಿನ ನೀತಿ ಎಂದು ಸಾಹೇಬರು ತಿಳಿಸಿದರು. ಅಷ್ಟರಲ್ಲಿ ಊದುಬತ್ತಿ ಹಚ್ಚಿಯಾಗಿತ್ತು.

ಮರುತಿಂಗಳೇ ಸಂತೆಯ ಪಕ್ಕ ಹೊಸ ರೈಲು ನಿಲ್ದಾಣ ತೆರೆಯಿತು. ಪ್ರವಾಸಿಗರು ನುಗ್ಗಿದರು. ನಿಲ್ದಾಣವೂ ಅಜ್ಜಿಯ ಕೃಪೆಯೇ ಎಂದು ಕಚೇರಿ ಪ್ರಕಟಣೆ ಹೊರಡಿಸಿತು. ಸಿಮೆಂಟಿನ ಜೀಬ್ರಾಗಳು ಲಾರಿಗಟ್ಟಲೆ ಬಂದಿಳಿದವು. ಒದಗಿಸುವ ಗುತ್ತಿಗೆ ತಮ್ಮ ಭಾಮೈದನಿಗೆ ಸಿಕ್ಕಿದ್ದು ಬರೀ ಆಕಸ್ಮಿಕ ಎಂದು ಸಾಹೇಬರೇ ಹೇಳಿದ್ದಾರೆ. ಈ ವಿಷಯ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಮರದ ಬುಡ ತುಂಬಿದ ಮೇಲೆ ಹಾಡಿನ ಕಟ್ಟೆ ಕಿತ್ತರು. ಆಮೇಲೆ ಬಿಯರ್ ಅಂಗಡಿ ಹೋಯಿತು. ಆಮೇಲೆ ಅಂಗಿ, ಚಪ್ಪಲಿ, ಕೈಚೀಲದ ಸಾಲು ಹೋಯಿತು. ಒಪ್ಪಿಸಿದ ಹರಕೆಯನ್ನು ಒಂದು ಗೇಣು ಜರುಗಿಸುವ ಎದೆಗಾರಿಕೆ ಈ ಊರಲ್ಲಿ ಯಾರಿಗೂ ಇಲ್ಲ, ಅಂಗಡಿಯವರನ್ನಾದರೆ ಎಷ್ಟು ದೂರ ಬೇಕಾದರೂ ಜರುಗಿಸಬಹುದು. ಇಷ್ಟೊಂದು ಜೀಬ್ರಾ ಬೇರೆಲ್ಲೂ ಕಾಣಸಿಗದ ಕಾರಣ ಪ್ರವಾಸಿಗರು ಫೋಟೋ ಹೊಡೆದು ಊರಿಗೆಲ್ಲ ಕಳಿಸಿದರು. ಅದನ್ನು ನೋಡಿ ಇನ್ನಷ್ಟು ಜನ ಬಂದರು. ಬಂದವರ ತಲೆಗೊಂದು ಜೀಬ್ರಾ ಬಂತು.

ಮೂಲೆಯ ನನ್ನ ಅಂಗಡಿ ಬಿಟ್ಟರೆ ಕೊನೆಗೆ ಉಳಿದದ್ದು ಲಮ್ಯಾಯ್ ದೊಡ್ಡಮ್ಮನ ಗಾಡಿ ಒಂದೇ. ಮರುವಾಯಿ ಎಂಬ ಸಮುದ್ರದ ಚಿಪ್ಪಿನ ಮಾಂಸಕ್ಕೆ ಹಿಟ್ಟು, ಮೊಟ್ಟೆ ಸೇರಿಸಿ ಕಾವಲಿ ಮೇಲೆ ಗರಿಗರಿ ದೋಸೆ ಮಾಡಿ ಕೊಡುವವಳು. ನಾನಂತೂ ರಾತ್ರಿ ಊಟ ಅಂತ ಬೇರೆ ಕಡೆ ಮಾಡಿದವನೇ ಅಲ್ಲ. ಅವಳ ಗಾಡಿಗೂ ನೋಟೀಸು ಅಂಟಿಸಿದರು:

"ಸಂತೆಯಲ್ಲಿ ಆಹಾರ ಮಾರುತ್ತಿರುವುದು ಸಂತೆಯ ಅಭಿವೃದ್ಧಿಗೆ ಅಡ್ಡಿಯಾಗಿರುವುದು ಕಂಡುಬಂದಿದೆ. ಶುಕ್ರವಾರದೊಳಗೆ ನದಿಯಾಚೆಯ ಪಾರ್ಕಿಂಗ್ ಕಟ್ಟಡದ ಆರನೇ ಮಹಡಿಗೆ ತೆರಳತಕ್ಕದ್ದು. ಅಲ್ಲಿ ಬೆಂಕಿ, ಹೊಗೆ, ವಾಸನೆ ಹಾಗೂ ಗಿರಾಕಿಗಳನ್ನು ನಿಷೇಧಿಸಲಾಗಿದೆ."

ದೊಡ್ಡಮ್ಮ ನನ್ನ ಅಂಗಡಿಗೆ ಬಂದು ಕೂತಳು. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಓದು ಮುಗಿದಿಲ್ಲ, ಈ ಜಾಗ ಹೋದರೆ ನಮ್ಮ ಮನೆ ಒಲೆ ಆರಿದ ಹಾಗೆ ಎಂದು ಅತ್ತಳು. ಕಚೇರಿಯ ಸಮವಸ್ತ್ರ ಹೊಲಿಯುವವನು ನಾನೇ ಆದ್ದರಿಂದ ಅಂಗಡಿ ಬಾಗಿಲು ಮುಂದೆ ಮಾಡಿ, ಅವಳಿಗೊಂದು ತುಂಡು ಬಟ್ಟೆ ಕೊಟ್ಟೆ. ಅವಳು ಮೂಗೊರೆಸಿಕೊಂಡು ಅತ್ತ ಇತ್ತ ನೋಡಿ, ಕಪ್ಪು ಬಟ್ಟೆ, ಬಿಳಿ ಬಟ್ಟೆ ಎಷ್ಟಿದೆ ಎಂದು ಕೇಳಿದಳು.

ಶುಕ್ರವಾರ ಸಂಜೆ ಸಾಹೇಬರು ಗಾಡಿ ಎತ್ತಿಸಲು ಕೂಲಿಯಾಳುಗಳ ಜೊತೆ ಬಂದರು. ಗಾಡಿಗೆ ಪಟ್ಟೆ, ಕೊಡೆಗೆ ಪಟ್ಟೆ, ದೊಡ್ಡಮ್ಮನ ನಿಲುವಂಗಿಗೆ ಪಟ್ಟೆ. ತಲೆ ಮೇಲೆ ಎರಡು ಕಿವಿ. ಹೊಲಿಗೆ ನನ್ನದೇ, ಎಲ್ಲೂ ಸುಕ್ಕಿರಲಿಲ್ಲ.

"ಇದೇನ್ ದೊಡ್ಡಮ್ಮ, ಈ ವೇಷ?"

"ವೇಷ ಅಲ್ಲಪ್ಪ, ಹರಕೆ. ಬೆಳಿಗ್ಗೇನೇ ಊದುಬತ್ತಿ ಹಚ್ಚಿ ಅಜ್ಜಿಗೆ ಒಪ್ಪಿಸ್ಬಿಟ್ಟೆ. ಗಾಡಿನೂ, ನನ್ನೂ. ಎತ್ತಿಸ್ತೀಯಾ, ಎತ್ತಿಸು, ನಾನೇನು ಬೇಡ ಅನ್ನಲ್ಲ. ಅಜ್ಜಿಗೆ ಮಾತ್ರ ನೀನೇ ಉತ್ತರ ಹೇಳ್ಕೋ."

ಆಳುಗಳು ಹಿಂದೆ ಸರಿದರು. ಒಬ್ಬ ಕೈ ಮುಗಿದ. ಸಾಹೇಬರು ಚುವಾಂಗ್ ತಾತನ ಮುಖ ನೋಡಿದರು. ಹರಕೆ ಹೊರುವಾಗ ಸಿಮೆಂಟಿನದೇ ಕೊಡ್ತೀನಿ ಅಂತ ನೀವು ಹೇಳಿರಲಿಲ್ಲವಲ್ಲ ಎಂದು ತಾತ ನೆನಪಿಸಿದ. ಸಾಹೇಬರು ಪಕ್ಕಕ್ಕೆ ಹೋಗಿ ಭಾಮೈದನಿಗೆ ಫೋನು ಮಾಡಿದರು. ತಾನು ಒದಗಿಸಿದ ಜೀಬ್ರಾಗಳ ಪೈಕಿ ಇದೂ ಒಂದು ಎಂದು ಬಿಲ್ಲಿನಲ್ಲಿ ಸೇರಿಸಲು ಭಾಮೈದ ಒಪ್ಪಿದ ಮೇಲೆ ಧಾರ್ಮಿಕ ತೊಡಕೇನೂ ಉಳಿಯಲಿಲ್ಲ. ಮಾರನೆಯ ದಿನವೇ ಆದೇಶ ಬಂತು:

"ಸದರಿ ಜೀಬ್ರಾ ಅಡುಗೆ ಮಾಡಬಹುದು. ಗಿರಾಕಿಗಳನ್ನು ಕೂಗಿ ಕರೆಯತಕ್ಕದ್ದಲ್ಲ. ಹರಕೆಯ ಬಳಿ ಭಕ್ತರಿಗೆ ಮಾತ್ರ ಪ್ರವೇಶ. ಒಮ್ಮೆ ಒಪ್ಪಿಸಿದ್ದನ್ನು ವಾಪಸು ಒಯ್ಯುವ ಪದ್ಧತಿ ಇಲ್ಲವಾದ್ದರಿಂದ ಸದರಿ ಜೀಬ್ರಾ ಮನೆಗೆ ಹೋಗತಕ್ಕದ್ದಲ್ಲ."

ಕೊನೆಯ ಸಾಲನ್ನು ದೊಡ್ಡಮ್ಮ ನನ್ನಿಂದ ಇನ್ನೊಮ್ಮೆ ಓದಿಸಿದಳು. ಮುಖ ಇಷ್ಟೇ ಇಷ್ಟಾಯಿತು. ಆಮೇಲೆ ಕಾವಲಿ ಒರೆಸಿ ಒಲೆ ಹಚ್ಚಿದಳು.

ಈಗ ಚಪ್ಪಲಿಯವನೂ ಕೈಚೀಲದವಳೂ ಪಟ್ಟೆ ಹೊಲಿಸಿಕೊಂಡು ಅಜ್ಜಿಗೆ ಒಪ್ಪಿಸಿಕೊಂಡಿದ್ದಾರೆ. ಹಾಡುವ ಹುಡುಗಿಯರದೂ ಅಳತೆ ತೆಗೆದಾಗಿದೆ. ನನಗೆ ಉಸಿರಾಡಲು ಪುರುಸೊತ್ತಿಲ್ಲ. ಊಟ, ವ್ಯಾಪಾರ, ಹಾಡು ಕುಣಿತ ಎಲ್ಲವನ್ನೂ ಒಂದೇ ಸೂರಿನಡಿ ತಂದ ಕಚೇರಿಗೆ ಪ್ರಶಸ್ತಿ ಬಂದಿದೆ. ಸಾಹೇಬರೂ ದಿನಾ ಬಂದು, ಕೈ ಮುಗಿದು, ದೋಸೆ ತಿಂದು ಹೋಗುತ್ತಾರೆ. ಹರಕೆಯ ಪ್ರಸಾದವಾದ್ದರಿಂದ ದುಡ್ಡು ಕೊಡುವುದಿಲ್ಲ.

ದೊಡ್ಡಮ್ಮನ ಮಗಳು ನೋಯ್ನಾ ಮೊದಲ ವಾರ ಅಮ್ಮನನ್ನು ಮನೆಗೆ ಕಳಿಸಿ ಎಂದು ಕಚೇರಿಗೆ ಅಲೆದಳು. ಆಮೇಲೆ ಅಲೆಯುವುದನ್ನು ಬಿಟ್ಟಳು. ಈಗ ಸಂಜೆ ಕಾಲೇಜು ಮುಗಿಸಿ, ಅಜ್ಜಿಗೆ ನೈವೇದ್ಯ ಇಡುವ ಹಾಗೆ ಚೆಂಡುಹೂವಿನ ಮಾಲೆ, ಸ್ಟ್ರಾ ಹಾಕಿದ ಕೆಂಪು ಸೋಡಾ ಬಾಟಲಿ ತಂದಿಟ್ಟು, ಭಕ್ತರ ಸಾಲಿನಲ್ಲೇ ಮಂಡಿಯೂರಿ ಅಮ್ಮನ ಮುಖ ನೋಡುತ್ತಾಳೆ. ಮೊನ್ನೆ ಅವಳು ಹಾಗೆ ಕೂತಿದ್ದಾಗ ದೊಡ್ಡಮ್ಮ ದೋಸೆ ತಿರುವುತ್ತ ಮೆಲ್ಲಗೆ ಬಗ್ಗಿದಳು.

"ಅಪ್ಪನಿಗೆ ಮಾತ್ರೆ ಬೆಳಿಗ್ಗೆ ಎರಡು, ರಾತ್ರಿ ಒಂದು ಕೊಡೇ. ಮರೀಬೇಡ, ಮಗಾ."

ಸುತ್ತ ಕೂತಿದ್ದ ಭಕ್ತರೆಲ್ಲ ದಡಬಡ ಎದ್ದರು. ಪ್ರಸೋಂಗ್ ಸಾಹೇಬರು, ಚುವಾಂಗ್ ತಾತ, ನಾನು ಎಲ್ಲರೂ ಓಡಿ ಇಪ್ಪತ್ತೊಂದರಲ್ಲಿ ಮುಗಿಯುವ ಲಾಟರಿ ಟಿಕೆಟು ಕೊಂಡೆವು. ಕಣ್ಣೊರೆಸಿಕೊಂಡು ನೋಯ್ನಾ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.